ಬೇಗ ಎಡಿಟ್ ಮಾಡಿಕೊಡುವ ಆ್ಯಪ್ ನಮ್ಮ ಬಿದ್ರಿ ಹೂವನ್ನೇ ಬದಲಿಸಿತು

ಆನ್‌ಲೈನ್‌ನಲ್ಲಿ ಒಬ್ಬರೇ ಅಂಗಡಿ ನಡೆಸುವವರು, ಅದರಲ್ಲೂ ಕೈಕೆಲಸದ ಸಾಮಾನು ಮಾರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. 'ನೂರು ಫೋಟೋ ಒಂದೇ ಕ್ಲಿಕ್‌ನಲ್ಲಿ ರೆಡಿ' ಅನ್ನುವ ಆ್ಯಪ್‌ಗಳು ಬರೀ ಹಿನ್ನೆಲೆ ತೆಗೆಯುತ್ತವೆ ಅಂತ ಹೇಳಿಕೊಳ್ಳುತ್ತವೆ. ಕೆಲವು ಆ್ಯಪ್‌ಗಳು ಅಷ್ಟಕ್ಕೇ ನಿಲ್ಲುವುದಿಲ್ಲ, ವಸ್ತುವಿಗೂ ಕೈ ಹಾಕುತ್ತವೆ. ನನಗೆ ಇದು ಗೊತ್ತಾಗಿದ್ದು ಪಾರ್ಸೆಲ್‌ಗಳು ವಾಪಸ್ ಬರೋಕೆ ಶುರುವಾದ ಮೇಲೆ.

ನಾನು ಬೀದರಿನವಳು. ಹಳೇ ಊರಿನಲ್ಲಿ, ಚೌಬಾರಾ ಗೋಪುರದ ಆಚೀಚೆ ಕೆಲಸ ಮಾಡುವ ಕಸುಬುದಾರರಿಂದ ಬಿದ್ರಿ ಸಾಮಾನು ತಂದು ಮಾರುತ್ತೇನೆ. ಹೂದಾನಿ, ಡಬ್ಬಿ, ಬಳೆ, ಕಿವಿಯೋಲೆ. ಫೋಟೋ ತೆಗೆಯೋದು, ಎಡಿಟ್ ಮಾಡೋದು, ವಿವರ ಬರೆಯೋದು, ಪ್ಯಾಕ್ ಮಾಡಿ ಕೊರಿಯರ್‌ಗೆ ಕೊಡೋದು, ಎಲ್ಲ ನಾನೇ. ಇದರಲ್ಲಿ ಜೀವ ಹಿಂಡುವುದು ಎಡಿಟಿಂಗ್. ಅಮೆಜಾನ್‌ನಲ್ಲಿ ಮುಖ್ಯ ಫೋಟೋಗೆ ಅಪ್ಪಟ ಬಿಳಿ ಹಿನ್ನೆಲೆ ಬೇಕು, ಕಂಪ್ಯೂಟರ್ ಲೆಕ್ಕದಲ್ಲಿ ಕೆಂಪು, ಹಸಿರು, ನೀಲಿ ಮೂರೂ 255. ವಸ್ತು ಚಿತ್ರದ ಶೇ 85ರಷ್ಟು ಜಾಗ ತುಂಬಿರಬೇಕು. ದೀಪಾವಳಿಗೆ ಮುಂಚೆ ಹೊಸ ಸಾಮಾನು ಬಂದಾಗ ರಾತ್ರಿಯೆಲ್ಲ ಫೋನಿನ ಮೇಲೆ ಬೆರಳಾಡಿಸುತ್ತ ಕೂರಬೇಕು. ಬೇಗ ಮುಗಿಸುವ ದಾರಿ ಹುಡುಕುವುದು ಸಹಜ ಅಲ್ವಾ?

ಬಿದ್ರಿ ಫೋಟೋ ಸುಮ್ನೆ ಬರುವಂಥದ್ದಲ್ಲ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಚಿತ್ತಾರ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಇಲ್ಲವೇ ತಗಡು ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಅನ್ನುವ ಲವಣ ಕಲಸಿ, ಬೆಚ್ಚಗೆ ಮಾಡಿದ ಸಾಮಾನಿಗೆ ತಿಕ್ಕಿದರೆ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಮತ್ತು ಆ ಬಿಳಿ ಗೆರೆಗಾಗಿಯೇ ಜನ ದುಡ್ಡು ಕೊಡುತ್ತಾರೆ. 2006ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನುವ ಅಧಿಕೃತ ಗುರುತು, ಸಿಕ್ಕಿದ್ದೂ ಈ ಕೆಲಸಕ್ಕೇ. ಫೋಟೋದಲ್ಲಿ ಅದೇ ಹಾಳಾದರೆ ಉಳಿಯುವುದೇನು?

ನಾನು ತಗೊಂಡ ಆ್ಯಪ್ ಮೊದಲ ಕೆಲವು ದಿನ ಉಚಿತ ಇತ್ತು. ಒಂದೊಂದೇ ಫೋಟೋ ಹಾಕಿ ನೋಡಿದಾಗ ಚೆನ್ನಾಗೇ ಬಂತು. ಆಮೇಲೆ ಹಣ ಕಟ್ಟಿ, ಎಲ್ಲ ಫೋಟೋಗಳನ್ನೂ ಒಟ್ಟಿಗೆ ಹಾಕಿದೆ. ಒಟ್ಟಿಗೆ ಹಾಕುವ ಆ ವಿಭಾಗದಲ್ಲಿ 'ಚಿತ್ರ ಸುಧಾರಣೆ' ಅನ್ನುವುದು ತಾನಾಗಿಯೇ ಆನ್ ಆಗಿರುತ್ತದೆ. ಅದನ್ನು ಎಲ್ಲೂ ಎದ್ದು ಕಾಣುವಂತೆ ಬರೆದಿರಲಿಲ್ಲ. ಸೆಟ್ಟಿಂಗ್ಸ್ ಒಳಗಿನ ಇನ್ನೊಂದು ಮೆನುವಿನಲ್ಲಿ ಅಡಗಿಸಿಟ್ಟಿದ್ದರು.

ಮೊದಲು ವಾಪಸ್ ಬಂದಿದ್ದು ಒಂದು ಹೂದಾನಿ. ಗ್ರಾಹಕರು ಬರೆದಿದ್ದರು: 'ಫೋಟೋದಲ್ಲಿರುವ ಹೂವೇ ಬೇರೆ, ನೀವು ಕಳಿಸಿರುವ ಹೂವೇ ಬೇರೆ.' ನನಗೆ ಅರ್ಥವೇ ಆಗಲಿಲ್ಲ. ಮೂಲ ಫೋಟೋ ತೆಗೆದು, ಆ್ಯಪ್ ಕೊಟ್ಟ ಫೋಟೋ ಪಕ್ಕದಲ್ಲಿಟ್ಟು, ಎರಡನ್ನೂ ದೊಡ್ಡದು ಮಾಡಿ ನೋಡಿದೆ. ಹೂದಾನಿಯ ಹೊಟ್ಟೆಯ ಮೇಲೆ ಐದೆಸಳಿನ ಹೂವು ಇತ್ತು. ಪ್ರತಿ ಎಸಳಿನ ನಡುವೆ ಉಳಿಯ ಸಣ್ಣ ಸಣ್ಣ ಗೀರು. ಆ್ಯಪ್ ಕೊಟ್ಟ ಚಿತ್ರದಲ್ಲಿ ಎಸಳು ಆರಾಗಿತ್ತು. ಗೀರು ಒಂದೂ ಇರಲಿಲ್ಲ, ಎಲ್ಲ ನುಣುಪಾಗಿ ಸ್ಟಿಕ್ಕರ್ ಅಂಟಿಸಿದ ಹಾಗೆ. ಹೂವಿನಿಂದ ಹೊರಟ ಬಳ್ಳಿ ಎಲೆಗೆ ಹೋಗಿ ಸೇರುವ ಬದಲು ಮಧ್ಯದಲ್ಲೇ ಮಾಯವಾಗಿತ್ತು.

ಈ ಸುಧಾರಣೆ ಕೆಲಸ ಮಾಡುವುದೇ ಹಾಗೆ. ಮಸುಕಾಗಿರುವ ಕಡೆ ಏನಿದೆ ಅಂತ ಆ್ಯಪ್‌ಗೆ ಕಾಣುವುದಿಲ್ಲ. ತಾನು ಹಿಂದೆ ನೋಡಿದ ಲಕ್ಷಾಂತರ ಚಿತ್ರಗಳ ಆಧಾರದ ಮೇಲೆ ಊಹಿಸಿ ಹೊಸದಾಗಿ ಬರೆಯುತ್ತದೆ. ಪ್ಲಾಸ್ಟಿಕ್ ಬಾಟಲಿಗೋ ಸಾದಾ ಟೀ ಶರ್ಟಿಗೋ ಅದು ನಡೆದೀತು. ಒಂದರಂತೆ ಇನ್ನೊಂದಿಲ್ಲದ ಕೈಕೆಲಸಕ್ಕೆ ನಡೆಯುವುದಿಲ್ಲ. ಆ ಹೂದಾನಿ ಮಾಡಿದ ಉಸ್ತಾದರಿಗೆ ಎರಡೂ ಫೋಟೋ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, 'ಇದು ನನ್ನ ಕೈ ಅಲ್ಲ' ಅಂದರು. ನನಗೆ ಹಣ ಹೋಗಿದ್ದಕ್ಕಿಂತ ಆ ಮಾತೇ ಜಾಸ್ತಿ ನೋವಾಯಿತು. ಹಗಲೆಲ್ಲ ಬಗ್ಗಿ ಕೂತು ತಂತಿ ಬಡಿದವರ ಕೆಲಸವನ್ನು ಯಾವುದೋ ಯಂತ್ರ ಕೇಳದೆ ಅಳಿಸಿಹಾಕುವುದು ಅನ್ಯಾಯ.

ಹುಡುಕುತ್ತ ಹೋದರೆ ಇನ್ನೂ ಸಿಕ್ಕವು. ಅಂಚಿನಲ್ಲಿರುವ ಬೆಳ್ಳಿ ಗೆರೆ ಬಿಳಿ ಹಿನ್ನೆಲೆಯ ಜೊತೆ ಕತ್ತರಿಸಿ ಹೋಗಿತ್ತು, ಡಬ್ಬಿಯ ಬಾಯಿ ಇಲಿ ಕಡಿದ ಹಾಗೆ ಕಾಣುತ್ತಿತ್ತು. ಕಪ್ಪು ಬಣ್ಣ ನೀಲಿ ಬೂದಿಯಾಗಿತ್ತು. ಎಲ್ಲಕ್ಕಿಂತ ಮೋಸದ್ದು ಅಳತೆ. ಪ್ರತಿ ವಸ್ತುವನ್ನೂ ಚೌಕಟ್ಟು ತುಂಬುವಷ್ಟು ಹಿಗ್ಗಿಸಿದ್ದರಿಂದ ಕುಂಕುಮದ ಡಬ್ಬಿ, ಒಡವೆ ಪೆಟ್ಟಿಗೆ ಎರಡೂ ಒಂದೇ ಗಾತ್ರ ಅನ್ನಿಸುತ್ತಿತ್ತು. ವಿವರದಲ್ಲಿ ಸೆಂಟಿಮೀಟರ್ ಬರೆದಿದ್ದರೂ ಜನ ನೋಡುವುದು ಫೋಟೋವನ್ನೇ. ಹಾಗಾಗಿ ಈಗ ಎರಡನೇ ಫೋಟೋದಲ್ಲಿ ವಸ್ತುವನ್ನು ಅಂಗೈ ಮೇಲಿಟ್ಟು ತೋರಿಸುತ್ತೇನೆ.

ವಾಪಸ್ ತಗೊಳ್ಳದೆ ವಾದ ಮಾಡಲು ದಾರಿಯೂ ಇರಲಿಲ್ಲ, ನನಗೆ ಮನಸ್ಸೂ ಇರಲಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ತೋರಿಸಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಮಾರುವವರು ಅದನ್ನು ವಾಪಸ್ ಪಡೆಯಲು ಅಥವಾ ಹಣ ಮರಳಿಸಲು ಒಲ್ಲೆ ಅನ್ನುವಂತಿಲ್ಲ. ಫೋಟೋ ಕೆಡಿಸಿದ್ದು ಆ್ಯಪ್, ಉತ್ತರ ಕೊಡಬೇಕಾದವರು ನಾವು. ಎರಡೂ ಕಡೆಯ ಕೊರಿಯರ್ ಖರ್ಚು ನನ್ನ ತಲೆಗೇ ಬಂತು. ಆ್ಯಪ್‌ನವರಿಗೆ ಬರೆದರೆ, 'ನಮ್ಮ ತಂತ್ರಜ್ಞಾನ ದಿನೇ ದಿನೇ ಉತ್ತಮವಾಗುತ್ತಿದೆ' ಅನ್ನುವ ರೆಡಿಮೇಡ್ ಉತ್ತರ. ಹಣ ವಾಪಸ್ ಇಲ್ಲ.

ಇಂಥ ಆ್ಯಪ್ ಬಿಟ್ಟರೂ ದುಡ್ಡು ಕಟ್ ಆಗುತ್ತಲೇ ಇರಬಹುದು, ಇದನ್ನೂ ತಿಳಿದಿರಿ. ಫೋನಿನಿಂದ ಆ್ಯಪ್ ಅಳಿಸಿದರೆ ಆಟೋಪೇ ನಿಲ್ಲುವುದಿಲ್ಲ. ಯುಪಿಐ ಮೂಲಕ ಕಟ್ಟಿದ್ದರೆ ನಿಮ್ಮ ಯುಪಿಐ ಆ್ಯಪ್‌ನ ಆಟೋಪೇ ವಿಭಾಗಕ್ಕೆ ಹೋಗಿ ಅಲ್ಲೇ ರದ್ದು ಮಾಡಬೇಕು. ಕಟ್ ಆಗುವ ಮುಂಚೆ ಬರುವ ಮೆಸೇಜನ್ನು ಜಾಹೀರಾತು ಅಂತ ಸರಿಸಬೇಡಿ.

ಹಾಗಾದರೆ ಬೇಗ ಮುಗಿಸುವುದು ಹೇಗೆ? ಎಡಿಟಿಂಗ್ ಕಡಿಮೆಯಾಗಬೇಕಾದರೆ ಫೋಟೋ ತೆಗೆಯುವಾಗಲೇ ಸರಿಯಾಗಿ ತೆಗೆಯಬೇಕು. ನೇರ ಬಿಸಿಲು ಬೀಳದ ಕಿಟಕಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿದ್ದೇನೆ. ಬಿಳಿ ಚಾರ್ಟ್ ಹಾಳೆಯನ್ನು ಗೋಡೆಯಿಂದ ಮೇಜಿಗೆ ಮಡಿಕೆ ಬೀಳದಂತೆ ಇಳಿಬಿಟ್ಟಿದ್ದೇನೆ. ವಸ್ತುವಿನ ಎರಡೂ ಪಕ್ಕ, ಚಿತ್ರದಲ್ಲಿ ಕಾಣದ ಹಾಗೆ, ಕಪ್ಪು ಹಾಳೆಯ ಪಟ್ಟಿ ನಿಲ್ಲಿಸಿದರೆ ಅದರ ಕಪ್ಪು ಅಂಚಿನ ಬೆಳ್ಳಿಯಲ್ಲಿ ಪ್ರತಿಫಲಿಸಿ ಗೆರೆ ಸ್ಪಷ್ಟವಾಗುತ್ತದೆ. ಆಗ ಬೆಳ್ಳಿ ಹಿನ್ನೆಲೆಯಲ್ಲಿ ಕರಗಿಹೋಗುವುದಿಲ್ಲ. ಕಪ್ಪು ವಸ್ತು ಚೌಕಟ್ಟು ತುಂಬಿದರೆ ಫೋನು ತಾನಾಗಿಯೇ ಬೆಳಕು ಏರಿಸಿ ಕಪ್ಪನ್ನು ಬೂದಿ ಮಾಡುತ್ತದೆ. ಪರದೆ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಗಿಳಿಸಿ.

ಬೆಳಕು, ಜಾಗ, ದೂರ ಎಲ್ಲ ಒಂದೇ ಇದ್ದರೆ ಒಂದು ಫೋಟೋ ಕೈಯಾರೆ ಸರಿ ಮಾಡಿದರೆ ಸಾಕು. ಲೈಟ್‌ರೂಮ್‌ನಂಥ ಆ್ಯಪ್‌ನಲ್ಲಿ ಅದೇ ಸೆಟ್ಟಿಂಗ್ಸ್ ಕಾಪಿ ಮಾಡಿ ಉಳಿದವಕ್ಕೆ ಪೇಸ್ಟ್ ಮಾಡಬಹುದು. ಇದು ಬೆಳಕು, ಬಣ್ಣ ಮಾತ್ರ ಬದಲಿಸುತ್ತದೆ, ಹೂವಿನ ಎಸಳು ಮುಟ್ಟುವುದಿಲ್ಲ. ಹಿನ್ನೆಲೆ ತೆಗೆಯಲು ಈಗಲೂ ಆ್ಯಪ್ ಬಳಸುತ್ತೇನೆ, ಆದರೆ 'ಸುಧಾರಣೆ', 'ಎಚ್‌ಡಿ', 'ಶಾರ್ಪ್' ಅನ್ನುವುದೆಲ್ಲ ಆಫ್ ಮಾಡಿಯೇ.

ಹೊಸ ಆ್ಯಪ್‌ಗೆ ದುಡ್ಡು ಕೊಡುವ ಮುಂಚೆ ನಿಮ್ಮಲ್ಲಿರುವ ಅತಿ ಸೂಕ್ಷ್ಮ ಕೆಲಸದ ವಸ್ತುವಿನ ಫೋಟೋ ಹಾಕಿ. ಅದನ್ನೂ ಒಂದೊಂದಾಗಿ ಅಲ್ಲ, ಒಟ್ಟಿಗೆ ಹಾಕುವ ವಿಭಾಗದಲ್ಲೇ ಹಾಕಿ ನೋಡಿ. ಬಂದ ಚಿತ್ರವನ್ನು ವಸ್ತುವಿನ ಪಕ್ಕ ಹಿಡಿದು, ಎಸಳು, ಗೆರೆ, ಅಂಚು ಬೆರಳಿಟ್ಟು ಎಣಿಸಿ. ಮೂಲ ಫೋಟೋಗಳನ್ನು ಯಾವ ಕಾರಣಕ್ಕೂ ಅಳಿಸಬೇಡಿ. ನನ್ನ ಹತ್ತಿರ ಅವು ಇದ್ದದ್ದರಿಂದಲೇ ಎಲ್ಲ ಲಿಸ್ಟಿಂಗ್‌ಗಳಿಗೂ ಸರಿಯಾದ ಫೋಟೋ ಮತ್ತೆ ಹಾಕಲು ಆಯಿತು.