ನಮ್ಮ ತಾಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್: ಮೂರು ವರ್ಷದಿಂದ ಪೇಷಂಟ್ ಕಳಿಸ್ತಿರೋ ಪಿಎಚ್‌ಸಿ ಡಾಕ್ಟರ್ ಬರೆದ ರಿವ್ಯೂ

ತಾಲೂಕಿನ ಹೆಸರು ಹಾಕ್ತಿಲ್ಲ, ಕೊರತೆಗಳನ್ನೂ ಬರೀಬೇಕಲ್ಲ, ಅಲ್ಲಿ ಕೆಲಸ ಮಾಡೋ ಯಾರಿಗೂ ಇದ್ರಿಂದ ತೊಂದರೆ ಆಗ್ಬಾರ್ದು. ಬಯಲುಸೀಮೆ ಕಡೆಯ ತಾಲೂಕು, ಅಲ್ಲಿಂದ 22 ಕಿಲೋಮೀಟರ್ ದೂರದ ಪಿಎಚ್‌ಸಿಯಲ್ಲಿ ನಾನು ಮೆಡಿಕಲ್ ಆಫೀಸರ್. ಎಂಬಿಬಿಎಸ್‌ನಲ್ಲಿ ಸೈಕಿಯಾಟ್ರಿ ಪೋಸ್ಟಿಂಗ್ ಅಂತ ಎರಡು ವಾರ ಹೋಗಿದ್ದು ಬಿಟ್ರೆ ನನಗೆ ಈ ವಿಷಯ ಏನೂ ಗೊತ್ತಿರ್ಲಿಲ್ಲ, ಇವತ್ತು ಗೊತ್ತಿರೋದ್ರಲ್ಲಿ ಮುಕ್ಕಾಲು ಪಾಲು ಈ ಕ್ಲಿನಿಕ್‌ನಿಂದ ಕಲಿತದ್ದು. ನನ್ನ ತರ ಹಳ್ಳಿ ಕಡೆ ಕೂತಿರೋ ಡಾಕ್ಟರ್‌ಗಳು ಇದನ್ನ ಓದ್ಲಿ ಅಂತಲೇ ಬರೀತಿದೀನಿ.

ಗೊತ್ತಿಲ್ಲದವರಿಗೆ: ಇದು 2014ರಲ್ಲಿ ಕರ್ನಾಟಕದಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮ, ಸೂಪರ್ ಟ್ಯೂಸ್‌ಡೇ ಕ್ಲಿನಿಕ್ ಅಂತಾನೂ ಕರೀತಾರೆ. ಮಂಗಳವಾರ ಸೈಕಿಯಾಟ್ರಿಸ್ಟ್ ತಾಲೂಕು ಆಸ್ಪತ್ರೆಗೇ ಬರ್ತಾರೆ. ಮಾನಸಿಕ ಕಾಯಿಲೆಗೆ ಜಿಲ್ಲೆ ಮಟ್ಟದಲ್ಲೇ, ಪಿಎಚ್‌ಸಿ ಡಾಕ್ಟರ್‌ಗಳನ್ನ ಸೇರಿಸ್ಕೊಂಡು ಚಿಕಿತ್ಸೆ ಕೊಡ್ಬಹುದು ಅಂತ ದೇಶಕ್ಕೆ ತೋರಿಸಿಕೊಟ್ಟಿದ್ದೇ ನಮ್ಮ ಬಳ್ಳಾರಿ, ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು 1985ರಿಂದ ಅಲ್ಲಿ ಮಾಡಿದ ಪ್ರಯೋಗ ನೋಡಿಯೇ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಾಲ್ಕು ಜಿಲ್ಲೆಗಳಲ್ಲಿ ಶುರುವಾಯ್ತು. ಈ ಇತಿಹಾಸ ನಮ್ಮ ಡಾಕ್ಟರ್‌ಗಳಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ ಅನ್ನೋದು ನನಗೆ ಬೇಜಾರು.

ಬೆಳಿಗ್ಗೆ ಹತ್ತೂವರೆಗೆ ಡಾಕ್ಟರ್ ಬರ್ತಾರೆ, ಅಷ್ಟೊತ್ತಿಗೆ ಹೊರಗೆ ಬೆಂಚ್ ತುಂಬಿರುತ್ತೆ. ಓಪಿಡಿ ಚೀಟಿ ಮಾಡಿಸ್ಬೇಕು, ಹಳೇ ಪೇಷಂಟ್ ಆದ್ರೆ ಪುಸ್ತಕ ತರ್ಬೇಕು. ನಮ್ಮೂರವರು ಸೈಕಿಯಾಟ್ರಿಸ್ಟ್ ಅಂತ ಹೇಳಲ್ಲ, 'ನರದ ಡಾಕ್ಟ್ರು' ಅಂತಾರೆ, ನಾನೂ ಮೊದಮೊದಲು ಹಾಗೇ ಹೇಳಿ ಕಳಿಸ್ತಿದ್ದೆ, ಹಾಗಂದ್ರೆ ಮನೆಯವರಿಗೆ ಬಸ್ ಹತ್ತೋಕೆ ಧೈರ್ಯ ಬರುತ್ತೆ.

ಈ ಕ್ಲಿನಿಕ್‌ನ ದೊಡ್ಡ ಗುಣ ಅಂದ್ರೆ ಅದೇ ಮಂಗಳವಾರ, ಅದೇ ರೂಮು, ಮೂರು ವರ್ಷದಿಂದ ಅದೇ ಡಾಕ್ಟ್ರು. ಇದು ಎಷ್ಟು ದೊಡ್ಡದು ಅಂತ ನನಗೆ ಅರ್ಥ ಆಗಿದ್ದು ಒಬ್ಬ ಹುಡುಗನಿಂದ. ಹುಡುಗ ಅಂತೀನಿ, 34 ವರ್ಷ, ಎಂಟು ವರ್ಷದಿಂದ ಕೊಟ್ಟಿಗೆ ಪಕ್ಕದ ರೂಮಲ್ಲೇ ಇದ್ದ, ಒಬ್ಬನೇ ಮಾತಾಡ್ಕೊಳ್ಳೋದು, ಯಾರಾದ್ರೂ ಬಂದ್ರೆ ಕಲ್ಲು ಎಸೆಯೋದು. ಅವರಮ್ಮ ಮಾಡದೇ ಇರೋ ಹರಕೆ ಇಲ್ಲ, ಕಟ್ಟಿಸದೇ ಇರೋ ತಾಯತ ಇಲ್ಲ, ಎರಡು ಸಲ ಬೆಂಗಳೂರಿಗೂ ಕರ್ಕೊಂಡು ಹೋಗಿದ್ರು, ಅಲ್ಲಿ ಕೊಟ್ಟ ಮಾತ್ರೆ ಒಂದು ತಿಂಗಳು ನುಂಗಿ ಸ್ವಲ್ಪ ಸರಿಹೋದ, ಆಮೇಲೆ ಮತ್ತೆ ಅಷ್ಟು ದೂರ ಹೋಗೋಕೆ ಕಾಸು ಇಲ್ಲ, ಕೂಲಿ ಬಿಡೋಕಾಗಲ್ಲ, ಮಾತ್ರೆ ನಿಂತ್ಹೋಯ್ತು. ಇಲ್ಲಿ ಮಂಗಳವಾರದ ಡಾಕ್ಟ್ರು ಮಾತ್ರೆ ಮೇಲೆ ಭರವಸೆ ಇಡದೆ ಫ್ಲೂಫೆನಜಿನ್ ಡೆಕನೊಯೇಟ್ ಅನ್ನೋ, ಒಂದ್ಸಲ ಹಾಕಿದ್ರೆ ವಾರಗಟ್ಟಲೆ ಕೆಲಸ ಮಾಡೋ ಸೂಜಿ ಶುರು ಮಾಡಿದ್ರು, ಮೊದಲು ಟೆಸ್ಟ್ ಡೋಸ್, ಆಮೇಲೆ 25 ಎಂಜಿ ಎರಡು ವಾರಕ್ಕೊಂದು, ಈಗ ನಾಲ್ಕು ವಾರಕ್ಕೊಂದು. ಸೂಜಿ ನಮ್ಮ ಪಿಎಚ್‌ಸಿಯಲ್ಲೇ ಹಾಕ್ತೀವಿ, ತಾರೀಕು ಆಶಾ ಕಾರ್ಯಕರ್ತೆ ನೆನಪಿಟ್ಕೊಂಡು ಕರ್ಕೊಂಡು ಬರ್ತಾಳೆ, ಮೂರು ತಿಂಗಳಿಗೊಂದ್ಸಲ ತಾಲೂಕಿಗೆ ಹೋಗಿ ತೋರಿಸಿದ್ರೆ ಸಾಕು. ಈಗ ಅವನು ಕುರಿ ಮೇಯಿಸ್ತಾನೆ. ಪೂರ್ತಿ ವಾಸಿ ಆಗಿಲ್ಲ, ಮಾತು ಕಡಿಮೆ, ಕೈ ಸ್ವಲ್ಪ ನಡುಗುತ್ತೆ ಅಂತ ಟ್ರೈಹೆಕ್ಸಿಫೆನಿಡಿಲ್ ಕೊಟ್ಟಿದಾರೆ, ಆದ್ರೆ ಅವರಮ್ಮ ಕಳೆದ ಸಲ ಬಂದಾಗ 'ರಾತ್ರಿ ನಿದ್ದೆ ಮಾಡ್ತೀನಿ ಮೇಡಂ' ಅಂದ್ರು. ಎಂಟು ವರ್ಷ ಆ ತಾಯಿ ನಿದ್ದೆ ಮಾಡಿರ್ಲಿಲ್ಲ. ಈ ಸೂಜಿ ಏನು ಹೊಸ ಔಷಧಿ ಅಲ್ಲ, ನಮ್ಮಪ್ಪ ಅಮ್ಮನ ಕಾಲದ್ದು, ಕೊಡೋರು ಹತ್ರದಲ್ಲಿ ಇರ್ಲಿಲ್ಲ ಅಷ್ಟೇ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ ಶೇ. 10.6 ಜನಕ್ಕೆ ಏನಾದ್ರೂ ಒಂದು ಮಾನಸಿಕ ತೊಂದರೆ ಅಂತ ಬಂತು, ಬಹುಪಾಲು ಕಾಯಿಲೆಗಳಲ್ಲಿ 100ಕ್ಕೆ 70ಕ್ಕಿಂತ ಜಾಸ್ತಿ ಜನ ಚಿಕಿತ್ಸೆನೇ ಪಡೀತಿಲ್ಲ ಅಂತಾನೂ ಬಂತು. ಆ 12ರಲ್ಲಿ ಕರ್ನಾಟಕ ಇರ್ಲಿಲ್ಲ, ಆದ್ರೆ ನನ್ನ ಓಪಿಡಿ ನೋಡಿದ್ರೆ ಇಲ್ಲಿ ಬೇರೆ ಇದೆ ಅಂತ ಅನ್ಸಲ್ಲ.

ಎರಡನೇ ಗುಣ, ಆ ಡಾಕ್ಟ್ರು ಚೀಟಿ ವಾಪಸ್ ಬರೀತಾರೆ. ನಾವು ರೆಫರ್ ಮಾಡಿದ ಪೇಷಂಟ್‌ಗೆ ಬೇರೆ ಕಡೆ ಏನು ಮಾಡಿದ್ರು ಅಂತ ನಮಗೆ ಗೊತ್ತೇ ಆಗಲ್ಲ, ಇಲ್ಲಿ ಏನು ಕಾಯಿಲೆ, ಏನು ಕೊಟ್ಟೆ, ನೀವು ಏನು ನೋಡ್ಕೋಬೇಕು ಅಂತ ನಾಲ್ಕು ಸಾಲು ಇರುತ್ತೆ. ಒಂದ್ಸಲ ಲಿಥಿಯಂ (ಮನಸ್ಥಿತಿಯ ಏರಿಳಿತ ಹಿಡಿತಕ್ಕೆ ತರೋ ಮಾತ್ರೆ) ತಗೊಳ್ತಿದ್ದ ಒಬ್ಬರ ಚೀಟಿಯಲ್ಲಿ 'ಡೈಕ್ಲೋಫೆನಾಕ್ ಬೇಡ' ಅಂತ ಕೆಂಪು ಪೆನ್ನಲ್ಲಿ ಬರೆದು ಅಡಿಗೆರೆ ಹಾಕಿದ್ರು. ನಮ್ಮಲ್ಲಿ ಸೊಂಟನೋವು ಅಂತ ಬಂದ್ರೆ ಡೈಕ್ಲೋ ಸೂಜಿ ಹಾಕೋದು ಎಷ್ಟು ಸಹಜ ಅಂತ ನಿಮಗೇ ಗೊತ್ತು, ಅದು ಕಿಡ್ನಿಯಿಂದ ಲಿಥಿಯಂ ಹೊರಗೆ ಹೋಗೋದನ್ನ ತಡೆದು ರಕ್ತದಲ್ಲಿ ಲೆವೆಲ್ ಏರಿಸುತ್ತೆ, ಬೇಸಿಗೆಯಲ್ಲಿ ಹೊಲದಲ್ಲಿ ಬೆವರಿ ನೀರು ಕುಡೀದೆ ಇದ್ರೂ ಏರುತ್ತೆ. ವಾಂತಿ, ಭೇದಿ, ಜೋರಾದ ನಡುಕ, ತೊದಲು ಮಾತು, ನಡಿಗೆ ತೂರಾಡೋದು ಕಂಡ್ರೆ ಮೊದಲು ಮಾತ್ರೆ ನಿಲ್ಸಿ ಕಳಿಸಿ ಅಂತಾನೂ ಬರೆದಿದ್ರು. ಆ ಚೀಟಿ ನಾನು ಇಂಜೆಕ್ಷನ್ ರೂಮಲ್ಲಿ ಅಂಟಿಸಿದೀನಿ.

ಈಗ ಕೊರತೆ. ಇದನ್ನ ಸ್ವಲ್ಪ ಉದ್ದವೇ ಬರೀತೀನಿ.

ನಮ್ಮ ಆಸ್ಪತ್ರೆ ಲ್ಯಾಬ್‌ನಲ್ಲಿ ಲಿಥಿಯಂ ಲೆವೆಲ್ ಆಗಲ್ಲ. ಜಿಲ್ಲೆಗೆ ಹೋಗ್ಬೇಕು, ಅದೂ ಪ್ರೈವೇಟ್ ಲ್ಯಾಬ್, ರಾತ್ರಿ ಮಾತ್ರೆ ನುಂಗಿ 12 ಗಂಟೆ ಕಾಲ ಕಳೆದ್ಮೇಲೆ ರಕ್ತ ಕೊಡ್ಬೇಕು, ಅಂದ್ರೆ ಬೆಳಿಗ್ಗೆ ಆರರ ಬಸ್ಸಿಗೆ ಹೊರಡ್ಬೇಕು. ಹಾಗಾಗಿ ಬೈಪೋಲಾರ್ (ಒಂದಷ್ಟು ದಿನ ಅತಿ ಉತ್ಸಾಹ, ಒಂದಷ್ಟು ದಿನ ಅತಿ ಬೇಜಾರು ಬರೋ ಕಾಯಿಲೆ) ಪೇಷಂಟ್‌ಗೆ ಲಿಥಿಯಂ ಬದ್ಲು ವಾಲ್‌ಪ್ರೊಯೇಟ್ ಬರೆಯೋದು ಸುಲಭದ ದಾರಿ ಆಗಿದೆ. ಗಂಡಸರಿಗೆ, ವಯಸ್ಸಾದವರಿಗೆ ಒಂದು ಲೆಕ್ಕ, ಇಪ್ಪತ್ತು ಇಪ್ಪತ್ತೆರಡು ವರ್ಷದ ಹೆಣ್ಣುಮಕ್ಕಳಿಗೆ? ಬಸುರಿಯಲ್ಲಿ ವಾಲ್‌ಪ್ರೊಯೇಟ್ ತಗೊಂಡ್ರೆ ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಹುಟ್ಟುವಾಗಲೇ ದೊಡ್ಡ ದೋಷ, ಹತ್ತರಲ್ಲಿ ಮೂರ್ನಾಲ್ಕು ಮಕ್ಕಳಿಗೆ ಬೆಳವಣಿಗೆ, ಕಲಿಕೆ ತೊಂದರೆ. ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳೋದು ಮೊದಲ ನಾಲ್ಕು ವಾರದಲ್ಲಿ, ಅಷ್ಟೊತ್ತಿಗೆ ಮುಟ್ಟು ನಿಂತಿದ್ದೇ ಎಷ್ಟೋ ಹುಡುಗಿಯರಿಗೆ ಗೊತ್ತಾಗಿರಲ್ಲ. ಬ್ರಿಟನ್‌ನಲ್ಲಿ 2024ರ ಜನವರಿಯಿಂದ 55 ವರ್ಷದೊಳಗಿನ ಯಾರಿಗೇ ಆಗ್ಲಿ ಹೊಸದಾಗಿ ಶುರು ಮಾಡ್ಬೇಕಂದ್ರೆ ಇಬ್ಬರು ಸ್ಪೆಷಲಿಸ್ಟ್‌ಗಳು ಒಪ್ಪಬೇಕು. ನಮ್ಮಲ್ಲಿ ಇಬ್ಬರು ಎಲ್ಲಿಂದ ಬರ್ತಾರೆ. ನಮ್ಮ ಮಂಗಳವಾರದ ಡಾಕ್ಟ್ರಿಗೆ ಇದೆಲ್ಲ ಗೊತ್ತಿದೆ, ಮದುವೆ ನಿಶ್ಚಯ ಆಗಿದ್ಯಾ ಅಂತ ಅವ್ರು ಪ್ರತಿ ಹುಡುಗಿನೂ ಕೇಳ್ತಾರೆ, ಆದ್ರೆ ಜೊತೆಗೆ ಬಂದ ಅತ್ತೆ ಎದುರು ಕೇಳಿದ್ರೆ ಯಾರು ಉತ್ತರ ಹೇಳ್ತಾರೆ? ಹಾಗಾಗಿ ನನ್ನ ಏರಿಯಾದಲ್ಲಿ ಆ ಮಾತ್ರೆ ಮೇಲಿರೋ ಹೆಣ್ಣುಮಕ್ಕಳ ಪಟ್ಟಿ ಮಾಡಿ ಎಎನ್‌ಎಂ (ಹಳ್ಳಿಗಳಿಗೆ ಹೋಗೋ ಆರೋಗ್ಯ ಸಹಾಯಕಿ) ಕೈಗೆ ಕೊಟ್ಟಿದೀನಿ, ಕುಟುಂಬ ಯೋಜನೆ ಮಾತು ಅವ್ರೇ ಮನೆಗೆ ಹೋಗಿ ಆಡ್ತಾರೆ, ಬಸುರಿ ಅಂತ ಗೊತ್ತಾದ್ರೆ ತಾವೇ ಮಾತ್ರೆ ನಿಲ್ಲಿಸ್ಬೇಡಿ, ಅವತ್ತೇ ಫೋನ್ ಮಾಡಿ ಅಂತ ಹೇಳಿದೀವಿ.

ಇನ್ನೊಂದು ಸ್ಟಾಕ್. ಹೋದ ವರ್ಷ ನಮ್ಮ ಆಸ್ಪತ್ರೆ ಕೌಂಟರ್‌ನಲ್ಲಿ ಐದು ವಾರ ರಿಸ್ಪೆರಿಡೋನ್ (ಭ್ರಮೆ, ಅನುಮಾನ ತಡೆಯೋ ಮಾತ್ರೆ) ಇರ್ಲಿಲ್ಲ. 'ಹೊರಗೆ ತಗೊಳ್ಳಿ' ಅಂದ್ರು. ಕೂಲಿ ಮಾಡೋರು ಒಂದು ವಾರ ತಗೊಂಡ್ರು, ಎರಡನೇ ವಾರ ಬಿಟ್ರು. ನನ್ನ ಪೇಷಂಟ್ ಒಬ್ಬಾಕೆ, ಎರಡು ವರ್ಷ ಅಂಗನವಾಡಿಗೆ ಅಡುಗೆ ಸಹಾಯಕ್ಕೆ ಹೋಗ್ತಿದ್ದವಳು, ನಾಲ್ಕನೇ ವಾರಕ್ಕೆ ಅನ್ನದಲ್ಲಿ ವಿಷ ಹಾಕಿದಾರೆ ಅಂತ ಊಟ ಬಿಟ್ಲು. ಮತ್ತೆ ಸರಿ ಆಗೋಕೆ ನಾಲ್ಕು ತಿಂಗಳು, ಕೆಲಸ ಹೋಯ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 18ನೇ ಕಲಂ ಸ್ಪಷ್ಟವಾಗಿ ಹೇಳುತ್ತೆ, ಅತ್ಯಗತ್ಯ ಔಷಧಿ ಪಟ್ಟಿಯಲ್ಲಿರೋದೆಲ್ಲ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲಕ್ಕೂ ಉಚಿತವಾಗಿ ಸಿಗಬೇಕು ಅಂತ. ಬಿಪಿ ಮಾತ್ರೆ ಖಾಲಿ ಆದ್ರೆ ಜನ ಗಲಾಟೆ ಮಾಡ್ತಾರೆ, ಈ ಮಾತ್ರೆ ಖಾಲಿ ಆದ್ರೆ ಯಾರೂ ಬಾಯಿ ಬಿಡಲ್ಲ, ಯಾಕಂದ್ರೆ ನುಂಗ್ತಿರೋದೇ ಗುಟ್ಟು. ಅದಕ್ಕೆ ಗಲಾಟೆ ನಾವೇ ಮಾಡ್ಬೇಕು. ಈಗ ನಾನು ಸೋಮವಾರ ಮಧ್ಯಾಹ್ನ ಫಾರ್ಮಸಿಗೆ ಫೋನ್ ಮಾಡಿ ಏನಿದೆ ಏನಿಲ್ಲ ಕೇಳ್ಕೊಂಡೇ ಪೇಷಂಟ್ ಕಳಿಸ್ತೀನಿ, ಇಂಡೆಂಟ್ (ಔಷಧಿ ಬೇಕು ಅಂತ ಮೇಲಕ್ಕೆ ಕಳಿಸೋ ಬೇಡಿಕೆ) ಹೋಗಿದ್ಯಾ ಅಂತಾನೂ ಕೇಳ್ತೀನಿ.

ರೂಮಿನ ವಿಷಯ: ಬಾಗಿಲ ಬದ್ಲು ಪರದೆ ಇದೆ, ಒಳಗೆ ಹೇಳಿದ್ದು ಬೆಂಚಿನವರಿಗೆ ಕೇಳುತ್ತೆ. ವಿಷ ಕುಡಿದು ಬದುಕಿ ಬಂದವರು ಅಲ್ಲಿ ಬಾಯಿ ಬಿಡಲ್ಲ. ಅಂಥವರನ್ನ ನಾನು ಹನ್ನೆರಡೂವರೆ ಮೇಲೆ ರಶ್ ಇಳಿದಾಗ ಕಳಿಸ್ತೀನಿ. ಇನ್ನೊಂದು ಮಾತು, ಈಗಲೂ ಎಷ್ಟೋ ಮನೆಯವರು ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಅಂಥವರನ್ನ ಬಚ್ಚಿಡ್ತಾರೆ. ಅದೇ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸ್ಬೇಕು, ಶಿಕ್ಷೆ ಅಲ್ಲ, ಆರೈಕೆ ಕೊಡ್ಬೇಕು, ಆತ್ಮಹತ್ಯೆ ಯತ್ನಕ್ಕೆ ಶಿಕ್ಷೆ ಹೇಳ್ತಿದ್ದ ಐಪಿಸಿಯ ಹಳೇ 309ನೇ ಸೆಕ್ಷನ್ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ಇದನ್ನ ಮನೆಯವರಿಗೆ ಕೂರಿಸಿ ಹೇಳಿ, ಕಣ್ಣಲ್ಲೇ ವ್ಯತ್ಯಾಸ ಕಾಣುತ್ತೆ.

ಮಕ್ಕಳಿಗೆ ಇಲ್ಲಿ ಹೆಚ್ಚೇನೂ ಸಿಗಲ್ಲ. ಅಂಗವಿಕಲತೆ ಸರ್ಟಿಫಿಕೇಟ್‌ಗೂ ನಮ್ಮ ಕಡೆಯವರು ಜಿಲ್ಲೆಗೇ ಓಡಾಡ್ಬೇಕು.

ಮಂಗಳವಾರ ಬಿಟ್ಟು ಉಳಿದ ಆರು ದಿನ ಏನ್ ಮಾಡೋದು? ನಾನು ಎಲ್ಲರ ಪುಸ್ತಕದ ಹಿಂದೆ 14416 ಅಂತ ಬರೆದು ಕೊಡ್ತೀನಿ. ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಒಂದು ರಾತ್ರಿ ಹನ್ನೊಂದೂವರೆಗೆ ಒಬ್ಬ ಹುಡುಗನ ಅಣ್ಣ ಅಲ್ಲಿಗೆ ಮಾಡಿ, ಅವ್ರ ಜೊತೆ ಮಾತಾಡ್ತಾ ಕೂತು, ಬೆಳಿಗ್ಗೆ ನನ್ನ ಹತ್ರ ತಮ್ಮನನ್ನ ಜೀವಂತ ಕರ್ಕೊಂಡು ಬಂದ. ಡಾಕ್ಟರ್‌ಗಳೇ, ಆ ನಂಬರ್ ನೀವೇ ಒಂದ್ಸಲ ಪೇಷಂಟ್ ಎದುರು ಡಯಲ್ ಮಾಡಿ ತೋರಿಸಿ, ಬರೀ ಬರೆದುಕೊಟ್ರೆ ಯಾರೂ ಮಾಡಲ್ಲ.

ಸ್ಟಾರ್ ಕೊಡ್ಬೇಕಂದ್ರೆ ಡಾಕ್ಟ್ರು, ನರ್ಸ್, ಜೊತೆಗೆ ಬರೋ ಸಮಾಜ ಕಾರ್ಯಕರ್ತರಿಗೆ 5ಕ್ಕೆ 5, ಔಷಧಿ ಕೌಂಟರ್‌ಗೆ 2, ರೂಮಿಗೆ 1.

ಕಳಿಸೋರಿಗೆ: ಮೊದಲ ಸಲ ಹೋಗೋರು ಹನ್ನೊಂದರ ಒಳಗೆ ಚೀಟಿ ಮಾಡಿಸಿ, ಜೊತೇಲಿ ಮನೆಯವರು ಒಬ್ಬರು ಇರ್ಲಿ, ಈಗ ನುಂಗ್ತಿರೋ ಮಾತ್ರೆಯ ಸ್ಟ್ರಿಪ್ ಖಾಲಿ ಆಗಿದ್ರೂ ತಗೊಂಡು ಹೋಗಿ, ಮೆಡಿಕಲ್ ಶಾಪ್‌ನಲ್ಲಿ ತಾವಾಗೇ ತಗೊಂಡ ನಿದ್ದೆ ಮಾತ್ರೆ ಇದ್ರೆ ಅದನ್ನೂ. ಕುಡಿತ ಬಿಡಿಸ್ಬೇಕು ಅಂತ ಕರ್ಕೊಂಡು ಹೋಗೋರು ಹಿಂದಿನ ದಿನವೇ ಕುಡಿತ ನಿಲ್ಲಿಸಿ ಕೂರಿಸ್ಬೇಡಿ, ದಿನಾ ಜಾಸ್ತಿ ಕುಡಿಯೋರಿಗೆ ದಿಢೀರ್ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಎರಡು ಮೂರು ದಿನದಲ್ಲಿ ಬಡಬಡಿಕೆ ಶುರುವಾಗಬಹುದು, ಅದು ಮಂಗಳವಾರದವರೆಗೆ ಕಾಯೋ ಕೇಸ್ ಅಲ್ಲ, ಆವತ್ತೇ ಅಡ್ಮಿಟ್ ಮಾಡ್ಬೇಕು, ಗ್ಲೂಕೋಸ್ ಏರಿಸೋ ಮುಂಚೆ ಥಯಾಮಿನ್ (ವಿಟಮಿನ್ ಬಿ1) ಹಾಕಿ. ನಮ್ಮೂರಿಂದ ಬರೋರಿಗೆ ಒಂಬತ್ತು ಕಾಲಿನ ಬಸ್ ಸರಿಹೋಗುತ್ತೆ, ಮಧ್ಯಾಹ್ನ ಎರಡಕ್ಕೆ ವಾಪಸ್ ಇದೆ.