ಗೇರ್ ಸೈಕಲ್ ಕೊಳ್ಳುವ ಮುನ್ನ ಅದರ ಹ್ಯಾಂಗರ್ ಎಲ್ಲಿ ಸಿಗುತ್ತದೆಂದು ಕೇಳಿ

ಸೈಕಲ್ಲಿಗೆ ಬ್ರ್ಯಾಂಡ್ ಮುಖ್ಯವೇ ಎಂದು ಯಾರಾದರೂ ಎರಡು ವರ್ಷದ ಹಿಂದೆ ನನ್ನನ್ನು ಕೇಳಿದ್ದರೆ, ಫ್ರೇಮಿನ ಮೇಲೆ ಅಂಟಿಸಿದ ಸ್ಟಿಕ್ಕರಿಗೆ ಏಕೆ ದುಡ್ಡು ಸುರಿಯಬೇಕು ಎಂದು ತಿರುಗಿ ಕೇಳುತ್ತಿದ್ದೆ. ಆ ಮಾತನ್ನು ಈಗಲೂ ಪೂರ್ತಿಯಾಗಿ ಹಿಂದೆ ತೆಗೆದುಕೊಳ್ಳಲಾರೆ. ಆದರೆ ಅದೇ ನಂಬಿಕೆಯಿಂದ ಕೊಂಡ ಸೈಕಲ್ಲೊಂದು ಹ್ಯಾಂಗರ್ ಎಂಬ ಎರಡು ಅಂಗುಲದ ಲೋಹದ ತುಂಡಿಗಾಗಿ ನನ್ನನ್ನು ಐದು ವಾರ ಅಲೆಸಿತು. ಇನ್ನೊಬ್ಬರು ಹಾಗೆ ಅಲೆಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮಗಳು ಮೈಸೂರಿನಲ್ಲಿ ಕಾಲೇಜು ಸೇರಿದಾಗ ದಿನವೂ ಓಡಾಡಲು ಸೈಕಲ್ ಬೇಕೆಂದಳು. ಅಂಗಡಿಗೆ ಹೋಗುವ ಬದಲು ಮೊಬೈಲಿನಲ್ಲೇ ಹುಡುಕಿ, ಅದುವರೆಗೆ ಹೆಸರನ್ನೇ ಕೇಳಿರದ ಒಂದು ಕಂಪನಿಯ ಸೈಕಲ್ಲನ್ನು ತರಿಸಿದೆ. ಅಲ್ಯೂಮಿನಿಯಂ ಫ್ರೇಮು, 21 ಗೇರು, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಮುಂದೆ ಸಸ್ಪೆನ್ಷನ್, ಜೊತೆಗೆ ದಪ್ಪಕ್ಷರದಲ್ಲಿ 'ಶಿಮಾನೊ ಗೇರ್' ಎಂಬ ಮಾತು. 24,999 ರೂಪಾಯಿಯ ಮೇಲೆ ಗೀಟೆಳೆದು ಪಕ್ಕದಲ್ಲಿ 10,499 ಎಂದು ಹಾಕಿದ್ದರು. ಶೇಕಡಾ 85ರಷ್ಟು ಜೋಡಣೆಯಾಗಿಯೇ ಬರುತ್ತದೆ, ಮಿಕ್ಕಿದ್ದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು ಎಂದೂ ಬರೆದಿತ್ತು. ಆ ಮಿಕ್ಕ 15ರಲ್ಲಿ ಹ್ಯಾಂಡಲ್, ಮುಂದಿನ ಚಕ್ರ, ಪೆಡಲ್, ಬ್ರೇಕು, ಗೇರಿನ ಹೊಂದಾಣಿಕೆ, ಅಂದರೆ ಓಡಿಸುವವರ ಪ್ರಾಣಕ್ಕೆ ಸಂಬಂಧಪಟ್ಟದ್ದೆಲ್ಲ ಸೇರಿದೆ ಎಂಬುದು ಡಬ್ಬ ಬಿಚ್ಚಿದ ಮೇಲೆ ಗೊತ್ತಾಯಿತು.

ಒಂದು ಭಾನುವಾರ ಪೂರ್ತಿ ಕುಳಿತು ಜೋಡಿಸಿದೆ. ಮಗಳು ಒಂದು ಸುತ್ತು ಹೋಗಿ ಬಂದು, "ಅಪ್ಪಾ, ತಿರುಗಿಸಿದರೆ ಬೂಟು ಚಕ್ರಕ್ಕೆ ತಾಗುತ್ತೆ" ಎಂದಳು. ಅಭ್ಯಾಸವಾಗುತ್ತದೆ ಬಿಡು ಎಂದೆ. ಮರುದಿನ ಗಾಳಿ ತುಂಬಿಸಲು ಹೋದಾಗ ನಮ್ಮ ಬೀದಿಯ ಸೈಕಲ್ ಶಾಪಿನ ಮೇಸ್ತ್ರಿ ದೂರದಿಂದಲೇ ನೋಡಿ, "ಸಾರ್, ಫೋರ್ಕು ಹಿಂದುಮುಂದಾಗಿದೆಯಲ್ಲ" ಎಂದರು. ಮುಂದಿನ ಚಕ್ರವನ್ನು ಹಿಡಿದಿಡುವ ಆ ಕವಲು ತಿರುಗಿದ್ದರಿಂದ ಎಡಗಡೆ ಇರಬೇಕಾದ ಮುಂದಿನ ಡಿಸ್ಕು ಬಲಗಡೆ ಬಂದಿತ್ತು. ಮುಂದಿನ ಚಕ್ರ ಪೆಡಲಿನ ಕಡೆಗೆ ಸರಿದದ್ದರಿಂದಲೇ ಬೂಟು ತಾಗುತ್ತಿತ್ತು. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಡಬ್ಬದಲ್ಲಿದ್ದ ಒಂದು ಹಾಳೆಯ ಸೂಚನೆಯಲ್ಲಿ ಆ ವಿಷಯದ ಸೊಲ್ಲೇ ಇರಲಿಲ್ಲ.

ಗೇರಿನ ಕಥೆಯೂ ಆ ಮೇಸ್ತ್ರಿಯಿಂದಲೇ ತಿಳಿಯಿತು. ಜಪಾನಿನ ಸಕಾಯ್ ನಗರದಲ್ಲಿ 1921ರಲ್ಲಿ ಶುರುವಾದ ಶಿಮಾನೊ ಕಂಪನಿ ಮೊದಲು ತಯಾರಿಸಿದ್ದೇ ಫ್ರೀವೀಲನ್ನು, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರವನ್ನು. ನನ್ನ 'ಶಿಮಾನೊ ಗೇರ್' ಸೈಕಲ್ಲಿನಲ್ಲಿ ಶಿಮಾನೊ ಎಂಬ ಹೆಸರಿದ್ದದ್ದು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರಿನ ಮೇಲೆ ಮಾತ್ರ. ಫ್ರೀವೀಲು, ಚೈನು, ಹ್ಯಾಂಡಲಿನಲ್ಲಿ ಗೇರು ಬದಲಿಸುವ ಶಿಫ್ಟರು ಯಾವುದರ ಮೇಲೂ ಯಾರ ಹೆಸರೂ ಇರಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಎಂಟನೇ ತಿಂಗಳಿನಲ್ಲಿ. ಲಲಿತಮಹಲ್ ಕಡೆಯ ಏರಿನಲ್ಲಿ ಮಗಳು ಎಲ್ಲಕ್ಕಿಂತ ಹಗುರವಾದ ಗೇರಿಗೆ ಹಾಕಿದ್ದಾಳೆ, ಡಿರೇಲರ್ ದೊಡ್ಡ ಹಲ್ಲುಚಕ್ರವನ್ನೂ ದಾಟಿ ಒಳಕ್ಕೆ ಹೋಗಿ ಕಡ್ಡಿಗಳಿಗೆ ಸಿಕ್ಕಿಕೊಂಡಿದೆ. ಅದು ಅಲ್ಲಿಯವರೆಗೆ ಹೋಗದಂತೆ ತಡೆಯಲು ಡಿರೇಲರಿನಲ್ಲೇ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಕಾರ್ಖಾನೆಯಲ್ಲಿ ಯಾರೂ ಹೊಂದಿಸಿರಲಿಲ್ಲ, ನನಗೆ ಅದು ಇದೆಯೆಂಬುದೇ ಗೊತ್ತಿರಲಿಲ್ಲ. ಏರಾದ್ದರಿಂದ ವೇಗವಿರಲಿಲ್ಲ, ಮೊಣಕೈ ತರಚಿದ್ದಕ್ಕೇ ಮುಗಿಯಿತು. ನಾಲ್ಕು ಕಡ್ಡಿ ಮುರಿದಿದ್ದವು, ಡಿರೇಲರ್ ತಿರುಚಿಕೊಂಡಿತ್ತು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎರಡು ತುಂಡಾಗಿತ್ತು.

"ಡಿರೇಲರ್ ಎಲ್ಲಿ ಬೇಕಾದ್ರೂ ಸಿಗುತ್ತೆ ಸಾರ್, ಈ ಕಿವಿ ಎಲ್ಲಿಂದ ತರ್ತೀರಿ?" ಎಂದು ಮೇಸ್ತ್ರಿ ಆ ತುಂಡುಗಳನ್ನು ನನ್ನ ಅಂಗೈಗೆ ಹಾಕಿದರು. ಕಿವಿ ಎಂಬ ಹೆಸರು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಪೆಟ್ಟು ಬಿದ್ದಾಗ ಫ್ರೇಮು ಉಳಿದು ತಾನು ಮುರಿಯಲೆಂದೇ ಅದನ್ನು ಮೆತು ಅಲ್ಯೂಮಿನಿಯಂನಲ್ಲಿ ಮಾಡಿರುತ್ತಾರೆ. ಆದರೆ ಸ್ಕ್ರೂ ಕೂರುವ ಜಾಗ, ಅಂಚಿನ ತಿರುವು, ದಪ್ಪ ಎಲ್ಲವೂ ಫ್ರೇಮಿನಿಂದ ಫ್ರೇಮಿಗೆ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಕಂಪನಿಗೆ ಫೋಟೋ ಸಹಿತ ಮೂರು ಮಿಂಚಂಚೆ ಕಳಿಸಿದೆ. ಕೊನೆಗೆ ಬಂದ ಉತ್ತರದಲ್ಲಿ, ಜೋಡಣೆಯನ್ನು ಅಧಿಕೃತ ತಂತ್ರಜ್ಞರಿಂದ ಮಾಡಿಸಿದ ಬಿಲ್ಲು ಇಲ್ಲದಿದ್ದರೆ ವಾರಂಟಿ ಇಲ್ಲವೆಂದೂ ಆ ಮಾದರಿ ಈಗ ನಿಂತಿದೆಯೆಂದೂ ಇತ್ತು. ಮನೆಯಲ್ಲೇ ಜೋಡಿಸಬಹುದು ಎಂದು ಮಾರಿದವರೇ ಮನೆಯಲ್ಲಿ ಜೋಡಿಸಿದ್ದು ತಪ್ಪೆಂದು ಹೇಳುತ್ತಿದ್ದರು! ದುಡ್ಡು ಕೊಡುತ್ತೇನೆ, ಹ್ಯಾಂಗರ್ ಒಂದನ್ನು ಕಳಿಸಿ ಎಂದು ಬರೆದದ್ದಕ್ಕೆ ಉತ್ತರವೇ ಬರಲಿಲ್ಲ. ಕಡೆಗೆ ಲೇತ್ ಕೆಲಸದವರೊಬ್ಬರು ಮುರಿದ ತುಂಡುಗಳನ್ನು ಅಳೆದು, ಅಲ್ಯೂಮಿನಿಯಂ ಪಟ್ಟಿಯನ್ನು ಕತ್ತರಿಸಿ, ಅರದಿಂದ ಉಜ್ಜಿ ಒಂದನ್ನು ಮಾಡಿಕೊಟ್ಟರು. ಅದು ಕೂದಲೆಳೆಯಷ್ಟು ವಾರೆಯಾಗಿರುವುದರಿಂದ ಇಪ್ಪತ್ತೊಂದರಲ್ಲಿ ಆರೋ ಏಳೋ ಗೇರು ಮಾತ್ರ ಸದ್ದಿಲ್ಲದೆ ಬೀಳುತ್ತವೆ.

ಆ ಐದು ವಾರ ನಾನು ಊರಿನಿಂದ ನಮ್ಮ ತಂದೆಯವರ ಅಟ್ಲಾಸ್ ಸೈಕಲ್ಲನ್ನು ತರಿಸಿದ್ದೆ. 1951ರಲ್ಲಿ ಹರಿಯಾಣದ ಸೋನಿಪತ್‌ನಲ್ಲಿ ಶುರುವಾದ ಆ ಕಂಪನಿ, 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಕಾರ್ಖಾನೆಯ ಕೆಲಸವನ್ನೂ ನಿಲ್ಲಿಸಿತು. ಹಾಗಿದ್ದರೂ ಆ ಸೈಕಲ್ಲಿಗೆ ಬೇಕಾದ ಕೋಟರ್ ಪಿನ್ನು, ಬ್ರೇಕ್ ಶೂ, 28 ಇಂಚಿನ ಟಯರು, ವಾಲ್‌ಟ್ಯೂಬು ನಮ್ಮ ಹೋಬಳಿಯ ಪೇಟೆಯಲ್ಲೂ ಸಿಗುತ್ತವೆ, ಏಕೆಂದರೆ ಹೀರೋ, ಏವನ್ ಮುಂತಾದವರ ಕರಿ ಸೈಕಲ್ಲುಗಳಿಗೂ ಬೇಕಾದದ್ದು ಅವೇ. ಬ್ರ್ಯಾಂಡ್ ಮಲಗಿತು, ಸೈಕಲ್ ಓಡುತ್ತಿದೆ. ನನ್ನ ಮಗಳ ಸೈಕಲ್ಲಿನದು ಇದರ ತಿರುವುಮುರುವು: ಮಾರುವವರು ಇನ್ನೂ ಹೊಸ ಹೊಸ ಬಣ್ಣಗಳಲ್ಲಿ ಮಾರುತ್ತಿದ್ದಾರೆ, ಹಳೆಯದಕ್ಕೆ ಬಿಡಿಭಾಗವಿಲ್ಲ.

ಆದ್ದರಿಂದ ದುಬಾರಿ ಹೆಸರನ್ನೇ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ತೈವಾನಿನ ಜೈಂಟ್ 1972ರಲ್ಲಿ ಶುರುವಾಗಿ ಹಲವು ವರ್ಷ ಬೇರೆ ಕಂಪನಿಗಳ ಹೆಸರಿನಲ್ಲೇ ಸೈಕಲ್ ಮಾಡಿಕೊಡುತ್ತಿತ್ತು. ಫ್ರೇಮನ್ನು ಬೆಸೆದವರೇ ಬೇರೆ, ಹೆಸರು ಹಾಕಿಕೊಂಡವರೇ ಬೇರೆ ಎಂಬುದು ಈ ಉದ್ಯಮದಲ್ಲಿ ಹಳೆಯ ಸಂಗತಿ. ಹೆಸರಿನ ಹಿಂದೆ ನಿಮ್ಮ ಊರಿನಲ್ಲಿ ಒಂದು ಅಂಗಡಿಯಿದೆಯೇ, ಆ ಅಂಗಡಿಯವರು ಸೈಕಲ್ಲನ್ನು ತಾವೇ ಜೋಡಿಸಿ, ಬಿಲ್ಲು ಕೊಟ್ಟು, ತಿಂಗಳ ನಂತರ ಕಡ್ಡಿ ಬಿಗಿದು ಗೇರು ಹೊಂದಿಸಿ ಕೊಡುತ್ತಾರೆಯೇ ಎಂದು ವಿಚಾರಿಸಿ. ಡಿರೇಲರ್ ಒಂದೇ ಅಲ್ಲ, ಶಿಫ್ಟರ್ ಮತ್ತು ಫ್ರೀವೀಲಿನ ಮೇಲೂ ಹೆಸರಿದೆಯೇ ಎಂದು ಬಗ್ಗಿ ನೋಡಿ. ಕೊನೆಗೆ, ಹಿಂದಿನ ಚಕ್ರದ ಬಳಿ ಕುಳಿತು ಹ್ಯಾಂಗರನ್ನು ಬೆರಳಿಟ್ಟು ತೋರಿಸಿ, ಇಂಥದ್ದೇ ಇನ್ನೊಂದನ್ನು ಈಗಲೇ ಕೊಡಿ ಎಂದು ಕೇಳಿ. ಕೊಟ್ಟರೆ ಕೊಂಡು ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಡಿ. ಆಮೇಲೆ ತರಿಸಿಕೊಡೋಣ ಎಂದರೆ ಮುಂದಿನ ಅಂಗಡಿಗೆ ನಡೆಯಿರಿ.