ಒಂದೇ ಕಾವೇರಿ, ಐದು ಉಪಕರಣ: ಸಂಘರ್ಷ ವಿಶ್ಲೇಷಣೆಗೆ ಯಾವುದು ಒದಗುತ್ತದೆ?

ಶಾಂತಿ ಮತ್ತು ಸಂಘರ್ಷ ಪರಿಹಾರವನ್ನು ಕಾಲೇಜಿನಲ್ಲಿ ಓದುವವರಿಗೆ ಶುರುವಿನಲ್ಲೇ ಐದು ಉಪಕರಣಗಳು ಎದುರಾಗುತ್ತವೆ: ಕಾಲರೇಖೆ, ಸಂಘರ್ಷದ ನಕ್ಷೆ, ಗಾಲ್ಟುಂಗ್ ತ್ರಿಕೋನ, ಈರುಳ್ಳಿ ಮತ್ತು ಮರ. ನೋಟ್ಸಿನಲ್ಲಿ ಐದಕ್ಕೂ ಸಮಾನ ಮರ್ಯಾದೆ, ಒಂದೊಂದು ಚಿತ್ರ, ನಾಲ್ಕು ಸಾಲು ವಿವರಣೆ. ಯಾವುದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮಾತ್ರ ಯಾರೂ ಬರೆದಿರುವುದಿಲ್ಲ. ಐದನ್ನೂ ಕಾವೇರಿ ವಿವಾದಕ್ಕೆ ಹಚ್ಚಿ ನೋಡಿದ ಮೇಲೆ ಉಳಿದ ಅಭಿಪ್ರಾಯ ಇಲ್ಲಿದೆ.

ಉತ್ತರ ಐರ್ಲೆಂಡ್ ಅಥವಾ ದಕ್ಷಿಣ ಆಫ್ರಿಕಾ ಬಿಟ್ಟು ಕಾವೇರಿಯೇ ಯಾಕೆ? ಅಲ್ಲಿನ ಜಗಳದಲ್ಲಿ ನಮ್ಮ ವಿದ್ಯಾರ್ಥಿಗಳು ಸುಲಭವಾಗಿ ನ್ಯಾಯಾಧೀಶರಾಗಿಬಿಡುತ್ತಾರೆ. ಕಾವೇರಿಯಲ್ಲಿ ಅವರೇ ಒಂದು ಪಕ್ಷ. ನಮ್ಮ ಮಟ್ಟಿಗೆ ಅಳತೆಗೋಲು ಒಂದೇ: ತಂಜಾವೂರಿನ ರೈತ ಓದಿದರೆ "ಹೌದು, ನಾನು ಹೇಳುವುದು ಇದನ್ನೇ" ಎನ್ನುವ ಹಾಗೆ ಅವನ ವಾದವನ್ನು ಮಂಡ್ಯದ ಹುಡುಗಿಯಿಂದ ಬರೆಸಲು ಉಪಕರಣಕ್ಕೆ ಸಾಧ್ಯವೇ? ಅಂದಹಾಗೆ, ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಘರ್ಷ ದತ್ತಾಂಶದಲ್ಲಿ ಕಾವೇರಿಯನ್ನು ಹುಡುಕಬೇಡಿ. ಸಶಸ್ತ್ರ ಹೋರಾಟದಿಂದ ವರ್ಷಕ್ಕೆ ಕನಿಷ್ಠ 25 ಸಾವು ಸಂಭವಿಸಿರಬೇಕು ಎಂಬುದು ಅಲ್ಲಿನ ಮಿತಿ. ಕಾವೇರಿಯಂಥ ನೀರಿನ ಜಗಳ ಆ ಜರಡಿಯಲ್ಲಿ ನಿಲ್ಲುವುದಿಲ್ಲ.

ಕಾಲರೇಖೆ

ನೋಡಲು ತೀರಾ ಸಾದಾ, ಆದರೆ ಐದರಲ್ಲಿ ಹೆಚ್ಚು ಕೆಲಸ ಮಾಡುವುದು ಇದೇ. ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಕರ್ನಾಟಕ, ಇನ್ನೊಂದು ತಮಿಳುನಾಡು. ಗುಂಪು ಹಂಚಲು ಚೀಟಿ ಎತ್ತಿಸಿ. ಬೆಂಗಳೂರಿನ ತರಗತಿಗಳಲ್ಲಿ ಮನೆಮಾತು ತಮಿಳಾಗಿರುವವರೂ ಇರುತ್ತಾರೆ, ಮಾತೃಭಾಷೆ ನೋಡಿ ಹಂಚಿದರೆ ಅಭ್ಯಾಸವೇ ಜಗಳಕ್ಕೆ ತಿರುಗುತ್ತದೆ. ಪ್ರತಿ ಗುಂಪಿಗೂ ಒಂದು ಚಾರ್ಟ್ ಪೇಪರ್, 25 ನಿಮಿಷ, ಗರಿಷ್ಠ ಹತ್ತು ಘಟನೆ. ಒಬ್ಬರದನ್ನು ಇನ್ನೊಬ್ಬರು ನೋಡಕೂಡದು. ಮುಗಿದ ಮೇಲೆ ಎರಡನ್ನೂ ಗೋಡೆಗೆ ಅಕ್ಕಪಕ್ಕ ಅಂಟಿಸಿ.

ಕರ್ನಾಟಕದ ಹಾಳೆ ಸಾಮಾನ್ಯವಾಗಿ 1892ರಿಂದ ಶುರುವಾಗುತ್ತದೆ: ಮೈಸೂರು ಸಂಸ್ಥಾನ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಜೊತೆ ಮಾಡಿಕೊಳ್ಳಬೇಕಾಗಿ ಬಂದ ಒಪ್ಪಂದ. ಇನ್ನೊಂದು ಹಾಳೆ ಚೋಳರು ಕಟ್ಟಿದ ಕಲ್ಲಣೈ ಅಣೆಕಟ್ಟಿನಿಂದ ಶುರುವಾಗುತ್ತದೆ: ಮೊದಲು ಬಳಸಿದವರು ನಾವು. 1924ರ ಒಪ್ಪಂದ ಎರಡರಲ್ಲೂ ಇರುತ್ತದೆ, ಆದರೆ ಒಂದು ಕಡೆ ಕನ್ನಂಬಾಡಿ ಕಟ್ಟಲು ಹೊರಬೇಕಾದ ಷರತ್ತುಗಳಾಗಿ, ಇನ್ನೊಂದು ಕಡೆ ಕೆಳಗಿನವರ ಹಕ್ಕಿಗೆ ಸಿಕ್ಕ ರಕ್ಷಣೆಯಾಗಿ. 1974 ನಮ್ಮ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿರುತ್ತದೆ, ಐವತ್ತು ವರ್ಷ ತುಂಬಿ ಒಪ್ಪಂದ ಮುಗಿಯಿತು ಎಂದು. ಆಚೆ ಹಾಳೆಯಲ್ಲಿ ಆ ವರ್ಷವೇ ಇರುವುದಿಲ್ಲ, ಇದ್ದರೂ "ಕೆಲವು ಅಂಶಗಳ ಮರುಪರಿಶೀಲನೆ" ಅಷ್ಟೇ. ಹಾರಂಗಿ, ಕಬಿನಿ, ಹೇಮಾವತಿ ಇಲ್ಲಿ ತಡವಾಗಿ ಬಂದ ನೀರಾವರಿ, ಅಲ್ಲಿ ಒಪ್ಪಿಗೆಯಿಲ್ಲದೆ ಎದ್ದ ಕಟ್ಟೆಗಳು. 1991ಕ್ಕೆ ಬಂದರೆ ನಮ್ಮವರು ಬರೆಯುವುದು 205 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಬಿಡಲು ಹೇಳಿದ, ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವನ್ನು. ಅವರು ಬರೆಯುವುದು ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ನಡೆದ ಹಲ್ಲೆಗಳನ್ನು. ಒಂದು ಹಾಳೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸಾಲುಗಳಿಗೆ ಕೆಂಪು ಗೆರೆ ಎಳೆಸಿ. ಚರ್ಚೆಗೆ ಅಷ್ಟು ಸಾಕು.

ಕೆಡುವುದು ಎರಡು ರೀತಿ. ಮೊಬೈಲ್ ಕೈಯಲ್ಲಿದ್ದರೆ ಎರಡೂ ಗುಂಪು ಒಂದೇ ಪುಟದಿಂದ ಇಸವಿ ಇಳಿಸಿಕೊಂಡು ಎರಡು ಹಾಳೆಯೂ ಒಂದೇ ಆಗುತ್ತದೆ. ಫೋನ್ ತೆಗೆದಿಡಿಸಿ, ಆಯಾ ರಾಜ್ಯದ ವಾದದ ಒಂದು ಪುಟದ ಸಾರಾಂಶ ಕೊಡಿ. ಎರಡನೆಯದು, ಹತ್ತರ ಮಿತಿ ಸಡಿಲಿಸಿದರೆ ಇತಿಹಾಸದ ಪರೀಕ್ಷೆಯಾಗುತ್ತದೆ. ಯಾವುದನ್ನು ಬಿಡಬೇಕು ಎಂಬ ಒಳಜಗಳದಲ್ಲೇ ಆ ಪಕ್ಷದ ಮನಸ್ಸು ಕಾಣುವುದು.

ಈರುಳ್ಳಿ

ಮೂರು ಪದರ: ಹೊರಗೆ ನಿಲುವು, ಒಳಗೆ ಹಿತಾಸಕ್ತಿ, ತಿರುಳಿನಲ್ಲಿ ಅಗತ್ಯ. ನಿಲುವು ಬರೆಯಲು ಐದು ನಿಮಿಷ ಸಾಕು. "ಹನಿ ನೀರೂ ಬಿಡೆವು", "ತೀರ್ಪಿನಷ್ಟು ಬಿಡಲೇಬೇಕು" ಎಲ್ಲರಿಗೂ ಬಾಯಿಪಾಠ.

ಈ ಉಪಕರಣದ ಬೆಲೆ ಎರಡನೇ ಪದರದಲ್ಲಿದೆ, ಅದಕ್ಕೆ ಅಂಕಿಗಳು ಬೇಕು. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ರಾಜ್ಯದ ಗಡಿಯ ನೀರಳತೆ ಕೇಂದ್ರವಾದ ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದ್ದು ವರ್ಷಕ್ಕೆ 177.25 ಟಿಎಂಸಿ. 2007ರ ನ್ಯಾಯಮಂಡಳಿ ಐತೀರ್ಪಿನಲ್ಲಿ ಇದು 192 ಇತ್ತು. ಜಗಳ ಈ ಮೊತ್ತದ್ದು ಎಂದೇ ಹೆಚ್ಚಿನವರ ನಂಬಿಕೆ. ತಿಂಗಳವಾರು ಪಟ್ಟಿಯನ್ನು ಮುಂದಿಡಿ: ಜೂನ್ 9.19, ಜುಲೈ 31.24, ಆಗಸ್ಟ್ 45.95. ಮೂರು ತಿಂಗಳಿಗೆ 86.38, ಅಂದರೆ ಹತ್ತಿರ ಹತ್ತಿರ ಅರ್ಧ. ತಮಿಳುನಾಡಿನ ಡೆಲ್ಟಾದ ಕುರುವೈ ಭತ್ತದ ಬೆಳೆಗೆ ಜೂನ್‌ನಿಂದಲೇ ನೀರು ಬೇಕು, ಅವರ ಮುಖ್ಯ ಮಳೆಯಾದ ಹಿಂಗಾರು ಬರುವುದು ಅಕ್ಟೋಬರಿಗೆ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಭತ್ತ, ಕಬ್ಬಿಗೂ ನೀರು ಬೇಕಾಗುವುದು, ಕೆಆರ್‌ಎಸ್ ತುಂಬಬೇಕಾಗಿರುವುದು ಅದೇ ತಿಂಗಳುಗಳಲ್ಲಿ. ನೈಋತ್ಯ ಮುಂಗಾರು ಚೆನ್ನಾಗಿ ಆದ ವರ್ಷ ಈ ಪಟ್ಟಿ ಯಾರ ನೆನಪಿಗೂ ಬರುವುದಿಲ್ಲ. ಕೊರತೆಯಾದ ವರ್ಷ ಎಷ್ಟು ಕಡಿತ, ಯಾವಾಗ ಎಂಬ ಸಂಕಷ್ಟ ಸೂತ್ರವೇ ತಕರಾರು. ಇದು ಹೊರಬಿದ್ದರೆ ಈರುಳ್ಳಿ ತನ್ನ ಕೆಲಸ ಮಾಡಿದ ಹಾಗೆ.

ತಪ್ಪು ಹೆಚ್ಚಾಗಿ ತಿರುಳಿನಲ್ಲಿ. ಎರಡೂ ಕಡೆ "ನೀರು" ಎಂದು ಬರೆದು ಪೆನ್ನು ಕೆಳಗಿಡುತ್ತಾರೆ. ನೀರು ಎಂಬ ಪದ ಮಾಯವಾಗುವ ತನಕ "ಯಾಕೆ ಬೇಕು?" ಎಂದು ಕೇಳುತ್ತಾ ಹೋಗಿ. ಇನ್ನೊಂದು ತಪ್ಪು, ರಾಜ್ಯಕ್ಕೊಂದೇ ಈರುಳ್ಳಿ ಬಿಡಿಸುವುದು. ಕನಿಷ್ಠ ನಾಲ್ಕು ಬೇಕು: ಮಂಡ್ಯದ ರೈತ, ತಂಜಾವೂರಿನ ರೈತ, ಬೆಂಗಳೂರಿನ ಜಲಮಂಡಳಿ, ಚುನಾವಣೆ ಎದುರಿಸಬೇಕಾದ ಸರ್ಕಾರ. ಆಗ ಇಬ್ಬರು ರೈತರ ತಿರುಳು ಒಂದೇ ಎಂದು ಕಾಣುತ್ತದೆ: ಬಿತ್ತುವ ಮೊದಲೇ ಎಷ್ಟು ಸಿಗುತ್ತದೆ ಎಂಬ ಖಾತ್ರಿ. 2003ರಲ್ಲಿ ಎರಡೂ ರಾಜ್ಯಗಳ ರೈತರು "ಕಾವೇರಿ ಕುಟುಂಬ"ವೆಂದು ಒಟ್ಟಿಗೆ ಕೂತು ಮಾತಾಡಲು ಜಾಗವಿದ್ದದ್ದು ಇಂಥ ಕಡೆಯೇ. ರಾಜ್ಯಕ್ಕೊಂದೇ ಈರುಳ್ಳಿ ಬರೆದವರಿಗೆ ಆ ಜಾಗ ಕಾಣಿಸುವುದೇ ಇಲ್ಲ.

ನಕ್ಷೆ

ಪಕ್ಷಗಳಿಗೆ ವೃತ್ತ, ಬಲ ಹೆಚ್ಚಿದ್ದಷ್ಟೂ ವೃತ್ತ ದೊಡ್ಡದು. ಒಳ್ಳೆಯ ಸಂಬಂಧಕ್ಕೆ ನೇರ ಗೆರೆ, ಜಗಳಕ್ಕೆ ಅಂಕುಡೊಂಕು ಗೆರೆ, ಕ್ಷೀಣ ಸಂಪರ್ಕಕ್ಕೆ ಚುಕ್ಕಿ ಗೆರೆ. ವೃತ್ತಗಳನ್ನು ನೇರವಾಗಿ ಬಿಡಿಸದೆ ಅಂಟುಚೀಟಿಯಲ್ಲಿ ಬರೆಸಿ, ಜಾಗ ಬದಲಿಸುತ್ತಲೇ ಇರುತ್ತಾರೆ. ಹನ್ನೆರಡು ದಾಟಿದರೆ ನಕ್ಷೆ ಜೇಡರಬಲೆ. ಮೂಲೆಯಲ್ಲಿ ದಿನಾಂಕ ಕಡ್ಡಾಯ, ಏಕೆಂದರೆ 2016ರ ನಕ್ಷೆಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವೇ ಇಲ್ಲ. ಅದು ರಚನೆಯಾದದ್ದು 2018ರ ಜೂನ್‌ನಲ್ಲಿ. ಕೇರಳ, ಪುದುಚೇರಿಗಳನ್ನು ಬಿಟ್ಟುಬಿಡುವುದು ಮಾಮೂಲು. ಐತೀರ್ಪಿನಲ್ಲಿ ಅವಕ್ಕೂ ಕ್ರಮವಾಗಿ 30 ಮತ್ತು 7 ಟಿಎಂಸಿ ಇದೆ ಎಂದು ನೆನಪಿಸಿ.

ಯಾರು ಯಾರ ಮಾತು ಕೇಳುತ್ತಾರೆ ಎಂಬುದು ಇದರಲ್ಲಿ ಚೆನ್ನಾಗಿ ಸಿಗುತ್ತದೆ. ಯಾಕೆ ಜಗಳ ಎಂಬುದು ಸಿಗುವುದಿಲ್ಲ. ಕ್ಷೇತ್ರಕಾರ್ಯಕ್ಕೆ ಹೊರಡುವವರು ಯಾರನ್ನು ಸಂದರ್ಶಿಸಬೇಕೆಂದು ತೀರ್ಮಾನಿಸಲು ಇದು ಬೇಕೇ ಬೇಕು. ಬರೀ ತರಗತಿಗಾದರೆ ತೊಂಬತ್ತು ನಿಮಿಷದ ಖರ್ಚು ಜಾಸ್ತಿಯಾಯಿತು.

ತ್ರಿಕೋನ

ಓಸ್ಲೋದಲ್ಲಿ 1959ರಲ್ಲಿ ಶಾಂತಿ ಸಂಶೋಧನಾ ಸಂಸ್ಥೆ ಕಟ್ಟಿದ ಯೋಹಾನ್ ಗಾಲ್ಟುಂಗ್ ಅವರದು: ಧೋರಣೆ, ವರ್ತನೆ, ವೈರುಧ್ಯ (ಒಂದಕ್ಕೊಂದು ಹೊಂದದ ಗುರಿಗಳು) ಎಂಬ ಮೂರು ಮೂಲೆ. ಪರೀಕ್ಷೆಯಲ್ಲಿ ಹೆಚ್ಚು ಕೇಳುವುದೂ ಇದನ್ನೇ. ಕಾವೇರಿಗೆ ಹಚ್ಚಿದರೆ ವೈರುಧ್ಯದ ಮೂಲೆ ಅಂಕಿಗಳಿಂದ ಊದಿಕೊಳ್ಳುತ್ತದೆ, ಧೋರಣೆಯ ಮೂಲೆಯಲ್ಲಿ "ದ್ವೇಷ" ಎಂಬ ಒಂದೇ ಪದ ಉಳಿಯುತ್ತದೆ. ಆದರೂ ಒಂದು ಕೆಲಸಕ್ಕೆ ಇದು ಬೇಕು. 1991ರ ಡಿಸೆಂಬರ್, 2016ರ ಸೆಪ್ಟೆಂಬರ್ ಎರಡರಲ್ಲೂ ಬೆಂಗಳೂರು ಹೊತ್ತಿಕೊಂಡದ್ದು ಆದೇಶದ ಬೆನ್ನಲ್ಲೇ: ಮೊದಲ ಸಲ ಮಧ್ಯಂತರ ಆದೇಶ ರಾಜಪತ್ರದಲ್ಲಿ ಪ್ರಕಟವಾದಾಗ, ಎರಡನೇ ಸಲ ಸುಪ್ರೀಂ ಕೋರ್ಟ್ ನೀರು ಬಿಡಲು ಹೇಳಿದಾಗ. ಜಗಳ ಜಲಾಶಯದ ನೀರಿನದು, ಬೆಂಕಿ ಬಿದ್ದದ್ದು ನಗರದಲ್ಲಿ. ವರ್ತನೆಯ ಮೂಲೆಯನ್ನು ಪ್ರತ್ಯೇಕವಾಗಿ ಬರೆಸಿದರೆ ಈ ಅಂತರ ಕಣ್ಣಿಗೆ ಬೀಳುತ್ತದೆ, ಆದೇಶ ಬರುವ ವಾರಕ್ಕೆ ಮೊದಲೇ ತಯಾರಿ ಸಾಧ್ಯ ಎಂಬುದೂ ಹೊಳೆಯುತ್ತದೆ.

ಮರ

ಬೇರು ಕಾರಣ, ಕಾಂಡ ಮೂಲ ಸಮಸ್ಯೆ, ಕೊಂಬೆ ಪರಿಣಾಮ. ಅಪನಂಬಿಕೆ ಬೇರೋ ಕೊಂಬೆಯೋ ಎಂಬ ವಾದದಲ್ಲೇ ಗಂಟೆ ಹೊಡೆಯುತ್ತದೆ, ಅದು ಎರಡೂ ಹೌದು. ಹಾಸ್ಟೆಲ್ ಮೆಸ್ಸಿನ ಜಗಳಕ್ಕೆ ಸಾಕು, ಕಾವೇರಿಗೆ ಬೇಡ.

ಒಂದೇ ಗಂಟೆ ಇದ್ದರೆ ನಾಲ್ಕು ಈರುಳ್ಳಿ ಮಾಡಿಸಿ, ಬೇರೇನೂ ಬೇಡ. ಮೂರು ಗಂಟೆಯ ಪ್ರಾಯೋಗಿಕ ತರಗತಿಯಾದರೆ ಮೊದಲು ಕಾಲರೇಖೆ, ಚಹಾ ವಿರಾಮ, ಆಮೇಲೆ ಈರುಳ್ಳಿ. ಈ ಕ್ರಮ ತಿರುಗಿಸಬೇಡಿ. ಎದುರು ಪಕ್ಷದ ಇತಿಹಾಸ ಓದದೆ ಅವರ ಹಿತಾಸಕ್ತಿ ಬರೆಯಲು ಕೂತವರು ತಮ್ಮದೇ ಊಹೆ ಬರೆಯುತ್ತಾರೆ. ಮನೆಗೆಲಸಕ್ಕೆ ಮೇಕೆದಾಟು ಕೊಡಿ: ಪ್ರಸ್ತಾವಿತ ಜಲಾಶಯದ ಸಾಮರ್ಥ್ಯ 67.16 ಟಿಎಂಸಿ, ಬೆಂಗಳೂರಿನ ಕುಡಿಯುವ ನೀರಿಗೆ 2018ರ ತೀರ್ಪು ಹೆಚ್ಚುವರಿಯಾಗಿ ಕೊಟ್ಟದ್ದು 4.75. ಈ ಎರಡು ಅಂಕಿಗಳ ನಡುವಿನ ಅಂತರ ತಮಿಳುನಾಡಿನ ರೈತನಿಗೆ ಹೇಗೆ ಕಾಣುತ್ತದೆ ಎಂದು ಎರಡು ಪುಟ ಬರೆಯಲಿ. 20ರಲ್ಲಿ 12 ಅಂಕ ಆ ಭಾಗಕ್ಕೇ ಇಡಿ, ಇಲ್ಲದಿದ್ದರೆ ಅದನ್ನು ನಾಲ್ಕು ಸಾಲಿನಲ್ಲಿ ಮುಗಿಸಿ ಕರ್ನಾಟಕದ ವಾದಕ್ಕೆ ಓಡುತ್ತಾರೆ.